ಅರಳುಮರಳು ಮತ್ತು ಚಿತ್ತವಿಭ್ರಮೆ: ಗದಗ ಪರಿಸರದಲ್ಲಿ ವೃದ್ಧರ ತುರ್ತು ತಪಾಸಣೆ

‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಪರಿಸರಕ್ಕೂ ಪರಿಚಿತವಾದುದು. ಮುಪ್ಪಿನ ಮರೆವನ್ನು ಸಹನೆಯಿಂದ ಕಾಣಲು ನೆರವಾಗುವ ಈ ಮಾತು ತುರ್ತು ಚಿಕಿತ್ಸಾ ವಿಭಾಗದಲ್ಲಿ ಮಾತ್ರ ಅಪಾಯಕಾರಿ. ವರ್ಷಗಟ್ಟಲೆ ಬೆಳೆಯುವ ಮರೆವು ಬೇರೆ. ಒಂದೆರಡು ದಿನಗಳಲ್ಲಿ ತಲೆದೋರಿ, ಹೊತ್ತಿನಿಂದ ಹೊತ್ತಿಗೆ ಏರಿಳಿಯುವ ಚಿತ್ತವಿಭ್ರಮೆ ಬೇರೆ. ಎರಡನೆಯದರ ಹಿಂದೆ ನ್ಯುಮೋನಿಯಾ, ರಕ್ತದ ಲವಣಾಂಶದ ಏರುಪೇರು, ಔಷಧಿಯ ದುಷ್ಪರಿಣಾಮ, ಹೃದಯಾಘಾತವೂ ಇರಬಹುದು. ವೃದ್ಧರಲ್ಲಿ ಜ್ವರವಾಗಲಿ ಎದೆನೋವಾಗಲಿ ಕಾಣಿಸದೆ ವಿಭ್ರಮೆಯೊಂದೇ ರೋಗದ ಮೊದಲ ಕುರುಹಾಗುವುದುಂಟು.

ಇದನ್ನು ಗುರುತಿಸಲು ಬಳಕೆಯಲ್ಲಿರುವ ‘ಫೋರ್ ಎ ಟಿ’ ಪರೀಕ್ಷೆಯಲ್ಲಿ ನಾಲ್ಕು ಭಾಗಗಳಿವೆ: ಎಚ್ಚರದ ಸ್ಥಿತಿ, ವಯಸ್ಸು, ಜನ್ಮದಿನಾಂಕ, ಸ್ಥಳ, ಇಸವಿಗಳ ಅರಿವು, ತಿಂಗಳುಗಳನ್ನು ಡಿಸೆಂಬರಿನಿಂದ ಹಿಮ್ಮುಖವಾಗಿ ಹೇಳುವುದು, ಇತ್ತೀಚಿನ ಹಠಾತ್ ಬದಲಾವಣೆ. ಒಟ್ಟು 12 ಅಂಕಗಳಲ್ಲಿ 4 ಅಥವಾ ಹೆಚ್ಚು ಬಂದರೆ ವಿಭ್ರಮೆಯನ್ನು ಶಂಕಿಸಬೇಕು.

ತೊಡಕಿರುವುದು ನಡುವಿನ ಎರಡು ಭಾಗಗಳಲ್ಲಿ. ಅನಕ್ಷರಸ್ಥ ಅಜ್ಜಿಗೆ ಜನ್ಮದಿನಾಂಕವೂ ಇಸವಿಯೂ ಎಂದೂ ಬೇಕಾದವುಗಳಲ್ಲ. ಆ ಎರಡು ತಪ್ಪಿದರೆ ಸಾಕು, ಆಕೆಯ ಹೆಸರಿನಲ್ಲಿ 2 ಅಂಕಗಳು ಬೀಳುತ್ತವೆ. ಆಕೆಯ ಕಾಲಗಣನೆ ನಡೆಯುವುದು ಮಳೆ ನಕ್ಷತ್ರ, ಹುಣ್ಣಿಮೆ-ಅಮಾವಾಸ್ಯೆ, ಜಾತ್ರೆಗಳ ಮೇಲೆ. ಈಗ ಯಾವ ಮಳೆ ನಡೆದಿದೆ ಎಂದು ಕೇಳಿದರೆ ಕಾಲದ ಅರಿವು ತಿಳಿದೀತು. ಹಸ್ತದಿಂದ ಹಿಂದಕ್ಕೆ ಉತ್ತರೆ, ಹುಬ್ಬೆ, ಮಘೆ ಎಂದು ಹೇಳಿಸಿದರೆ, ಅಥವಾ ವಾರಗಳನ್ನೇ ಹಿಮ್ಮುಖವಾಗಿ ಹೇಳಿಸಿದರೆ, ಅವಧಾನವೂ ತಿಳಿದೀತು. ಆದರೆ ಮೂಲ ಪರೀಕ್ಷೆಯ ಅಂಕಗಳನ್ನು ಈ ಬದಲಿ ಪ್ರಶ್ನೆಗಳಿಗೆ ಹಾಗೆಯೇ ಅನ್ವಯಿಸಲಾಗದು. ಅದಕ್ಕೆ ವೈದ್ಯರೂ ಜಾನಪದ ವಿದ್ವಾಂಸರೂ ಕೂಡಿ ಪ್ರತ್ಯೇಕ ಅಧ್ಯಯನ ನಡೆಸಬೇಕು. ತಾಂಡಾಗಳ ಲಂಬಾಣಿ ಹಿರಿಯರ ಭಾಷೆಯೂ ಅದರಲ್ಲಿ ಸೇರಬೇಕು.

ನಾಲ್ಕನೆಯ ಭಾಗಕ್ಕೆ ಅಕ್ಷರಜ್ಞಾನ ಬೇಡ, ರೋಗಿಯ ಉತ್ತರವೂ ಬೇಡ. ಹಠಾತ್ ಬದಲಾವಣೆ ಖಚಿತವಾದರೆ ಅದೊಂದಕ್ಕೇ 4 ಅಂಕಗಳು. ಇಲ್ಲಿ ಮನೆಯವರ ಆಡುಮಾತೇ ಸಾಕ್ಷ್ಯ. ‘ರಾತ್ರಿಯಿಂದ ಏನೇನೋ ಬಡಬಡಿಸಾಕತ್ತಾಳ’ ಎಂದರೆ ಯಾರಾದರೂ ಕಿವಿಗೊಟ್ಟಾರು. ‘ಸುಮ್ಮನ ಮಲಗ್ಯಾಳ, ಮಾತಾಡವಲ್ಲಳು’ ಎಂಬುದು ಅಷ್ಟು ಗಮನ ಸೆಳೆಯದು. ಸದ್ದಿಲ್ಲದ ಈ ವಿಭ್ರಮೆಯೇ ಹೆಚ್ಚಾಗಿ ತಪ್ಪಿಹೋಗುತ್ತದೆ. ಆಸ್ಪತ್ರೆಗೆ ಕರೆತಂದವನು ಬೇರೆ ಊರಿನಲ್ಲಿರುವ ಮೊಮ್ಮಗನಾಗಿದ್ದರೆ, ನಿತ್ಯವೂ ಉಣಬಡಿಸುವ ಸೊಸೆಗೆ ಫೋನ್ ಮಾಡಿ, ‘ಅತ್ತಿಯವರು ಮೊನ್ನೆ ಹ್ಯಾಂಗಿದ್ರವ್ವಾ?’ ಎಂದು ಕೇಳುವುದು ತಪಾಸಣೆಯ ಭಾಗವೇ ಆಗಿದೆ.