ಗಂಡುದೇಹದ ಈಸ್ಟ್ರೋಜನ್, ಹೆಣ್ಣುದೇಹದ ಟೆಸ್ಟೋಸ್ಟೆರಾನ್

ಹರೆಯದ ಹುಡುಗನಿಗೆ ಮೀಸೆ ಚಿಗುರಿ ದನಿ ಒಡೆಯುವುದಕ್ಕೆ ವೃಷಣಗಳಲ್ಲಿ ತಯಾರಾಗುವ ಟೆಸ್ಟೋಸ್ಟೆರಾನ್ ಕಾರಣವಾದರೆ, ಹುಡುಗಿಯ ಸ್ತನಗಳ ಬೆಳವಣಿಗೆಗೆ ಅಂಡಾಶಯಗಳು ಸ್ರವಿಸುವ ಈಸ್ಟ್ರೋಜನ್ ಕಾರಣ. ಭ್ರೂಣ ನೆಲೆಯೂರಲು ಗರ್ಭಾಶಯದ ಒಳಪದರವನ್ನು ಅಣಿಗೊಳಿಸುವುದು ಪ್ರೊಜೆಸ್ಟರಾನ್. ಗ್ರಂಥಿಗಳಿಂದ ನೇರವಾಗಿ ರಕ್ತಕ್ಕೆ ಸೇರಿ ದೂರದ ಅಂಗಗಳ ಕೆಲಸವನ್ನು ನಿಯಂತ್ರಿಸುವ ಇಂಥ ರಾಸಾಯನಿಕಗಳೇ ಹಾರ್ಮೋನುಗಳು. ಮೇಲೆ ಹೇಳಿದ ಮೂರರಲ್ಲಿ ಮೊದಲನೆಯದನ್ನು ಗಂಡಿಗೂ ಉಳಿದೆರಡನ್ನು ಹೆಣ್ಣಿಗೂ ಹಂಚಿಬಿಡುವ ರೂಢಿ ಪಾಠ ಹೇಳಲು ಅನುಕೂಲವೇನೋ ಸರಿ, ಆದರೆ ದೇಹ ಆ ಹಂಚಿಕೆಯನ್ನು ಪಾಲಿಸುವುದಿಲ್ಲ.

1934ರಲ್ಲಿ ಬರ್ನ್‌ಹಾರ್ಡ್ ಝೊಂಡೆಕ್ ಎಂಬ ವಿಜ್ಞಾನಿ ಗಂಡುಕುದುರೆಯ ಮೂತ್ರದಲ್ಲಿ ಈಸ್ಟ್ರೋಜನ್ ಹೇರಳವಾಗಿರುವುದನ್ನು ಕಂಡು ಪ್ರಕಟಿಸಿದಾಗ ಅದೊಂದು ಒಗಟಾಗಿಯೇ ತೋರಿತ್ತು. ಈಗ ಅದರ ಕಾರಣ ಸ್ಪಷ್ಟವಾಗಿದೆ. ಈ ಹಾರ್ಮೋನುಗಳೆಲ್ಲಕ್ಕೂ ಮೂಲದ್ರವ್ಯ ಕೊಲೆಸ್ಟರಾಲ್. ಅದರಿಂದ ಹಂತಹಂತವಾಗಿ ಟೆಸ್ಟೋಸ್ಟೆರಾನ್ ಸಿದ್ಧವಾದ ಮೇಲೆ ಅರೋಮಟೇಸ್ ಎಂಬ ಕಿಣ್ವ, ಅಂದರೆ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ಪ್ರೋಟೀನು, ಅದನ್ನು ಈಸ್ಟ್ರೋಜನ್ನಿನ ಪ್ರಮುಖ ರೂಪವಾದ ಎಸ್ಟ್ರಡಯೋಲ್ ಆಗಿ ಮಾರ್ಪಡಿಸುತ್ತದೆ. ಅಂಡಾಶಯದಲ್ಲಷ್ಟೇ ಅಲ್ಲದೆ ಕೊಬ್ಬು, ಮೂಳೆ, ಮಿದುಳುಗಳಲ್ಲಿಯೂ, ಸ್ತ್ರೀಪುರುಷರಿಬ್ಬರಲ್ಲಿಯೂ ಈ ಕಿಣ್ವವಿದೆ.

ಗಂಡುದೇಹದಲ್ಲಿ ಈಸ್ಟ್ರೋಜನ್ನಿನ ಮಹತ್ವವನ್ನು ತೋರಿಸಿಕೊಟ್ಟದ್ದು 1994ರಲ್ಲಿ ಅಮೆರಿಕದ ವೈದ್ಯರು ವರದಿ ಮಾಡಿದ 28 ವರ್ಷದ ಯುವಕನ ಪ್ರಕರಣ. ಆತನ ಟೆಸ್ಟೋಸ್ಟೆರಾನ್ ಮಟ್ಟ ಸಹಜವಾಗಿತ್ತು. ಆದರೆ ಈಸ್ಟ್ರೋಜನ್ನಿನ ಸಂದೇಶವನ್ನು ಜೀವಕೋಶದೊಳಗೆ ಸ್ವೀಕರಿಸುವ ಗ್ರಾಹಕ ಪ್ರೋಟೀನು ಜೀನ್‌ದೋಷದಿಂದಾಗಿ ನಿಷ್ಕ್ರಿಯವಾಗಿತ್ತು. ಹರೆಯದ ಕೊನೆಯಲ್ಲಿ ಮುಚ್ಚಿಕೊಳ್ಳಬೇಕಾದ ಮೂಳೆತುದಿಯ ಬೆಳವಣಿಗೆಯ ಪದರಗಳು ತೆರೆದೇ ಉಳಿದು, 204 ಸೆಂಟಿಮೀಟರ್ ಎತ್ತರವಿದ್ದ ಆತ ಇನ್ನೂ ಬೆಳೆಯುತ್ತಲೇ ಇದ್ದ. ಮೂಳೆಗಳಾದರೋ ಸಾಂದ್ರತೆ ಕಳೆದುಕೊಂಡು ದುರ್ಬಲವಾಗಿದ್ದವು. ಗಂಡಸಿನ ಎತ್ತರಕ್ಕೆ ಮಿತಿಯನ್ನೂ ಮೂಳೆಗೆ ಬಲವನ್ನೂ ಕೊಡುವುದರಲ್ಲಿ ‘ಹೆಣ್ಣಿನ ಹಾರ್ಮೋನಿ’ನ ಪಾತ್ರ ಎಷ್ಟು ದೊಡ್ಡದೆಂಬುದು ಈ ಒಬ್ಬ ವ್ಯಕ್ತಿಯ ಪರೀಕ್ಷೆಯಿಂದ ತಿಳಿದುಬಂತು.

ಹೆಣ್ಣಿನಲ್ಲೂ ಅಂಡಾಶಯ ಮತ್ತು ಅಡ್ರಿನಲ್ ಗ್ರಂಥಿಗಳಿಂದ ಟೆಸ್ಟೋಸ್ಟೆರಾನ್ ಅಲ್ಪ ಪ್ರಮಾಣದಲ್ಲಿ ಸದಾ ಒದಗುತ್ತಿರುತ್ತದೆ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಕುಸಿದು ಮೂಳೆ ಬೇಗ ಸವೆಯುತ್ತದೆ. ಆ ವಯಸ್ಸಿನ ಹೆಂಗಸಿಗಿಂತ ಅದೇ ವಯಸ್ಸಿನ ಗಂಡಸಿನ ರಕ್ತದಲ್ಲಿ ಎಸ್ಟ್ರಡಯೋಲ್ ಸಾಮಾನ್ಯವಾಗಿ ಹೆಚ್ಚಿರುತ್ತದೆ.

ಈ ತಿಳಿವಳಿಕೆ ಜಿಮ್‌ಗೆ ಹೋಗುವ ಯುವಕರಿಗೆ ತುರ್ತಾಗಿ ತಲುಪಬೇಕಾಗಿದೆ. ಸ್ನಾಯು ಬೆಳೆಸಲು ಚುಚ್ಚಿಸಿಕೊಳ್ಳುವ ಟೆಸ್ಟೋಸ್ಟೆರಾನಿನ ಒಂದಂಶ ಈಸ್ಟ್ರೋಜನ್ ಆಗಿ ಮಾರ್ಪಟ್ಟು ಗಂಡಸಿಗೂ ಸ್ತನ ಬೆಳೆಯಬಹುದು. ರಕ್ತದಲ್ಲಿ ಹಾರ್ಮೋನು ತುಂಬಿರುವುದನ್ನು ಗ್ರಹಿಸಿ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ತನ್ನ ಪ್ರಚೋದನೆಯನ್ನು ತಗ್ಗಿಸುವುದರಿಂದ ವೃಷಣಗಳು ಕುಗ್ಗಿ ವೀರ್ಯಾಣುಗಳ ಉತ್ಪತ್ತಿಯೂ ಇಳಿಯುತ್ತದೆ. ವೈದ್ಯರು ಪರೀಕ್ಷಿಸಿ ಬರೆದುಕೊಡದ ಹೊರತು ಇಂಥ ಚುಚ್ಚುಮದ್ದನ್ನು ಯಾರೂ ತೆಗೆದುಕೊಳ್ಳಬಾರದು.