ಹದಿಹರೆಯದ ಆಟಿಸಂ ಮಗುವಿಗೆ ಯಾವ ಊರು?

ಆಟಿಸಂ ಇರುವ ಹದಿಹರೆಯದ ಮಗುವಿನೊಂದಿಗೆ ಊರು ಬದಲಿಸುವ ಕುಟುಂಬ ಸಾಮಾನ್ಯವಾಗಿ ಮೊದಲು ವಿಚಾರಿಸುವುದು ಶಾಲೆಯನ್ನು. ಮಗುವಿಗೆ ಐದು ವರ್ಷವಾಗಿದ್ದರೆ ಅದು ಸರಿಯೇ. ಹದಿನಾಲ್ಕು ತುಂಬಿದವರಿಗೆ ಶಾಲೆ ಇನ್ನು ಕೆಲವೇ ವರ್ಷದ ಮಾತು. ಆ ಊರಿನಲ್ಲಿ ಬಾಳಬೇಕಾದದ್ದು ಅದರ ನಂತರದ ದಶಕಗಳಲ್ಲಿ. ಹದಿನೆಂಟರ ಮೇಲೆ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗುವುದು ಎಂಬ ಪ್ರಶ್ನೆಗೆ ಉತ್ತರವಿರುವ ಊರನ್ನೇ ಹುಡುಕಬೇಕು.

ಕರ್ನಾಟಕದಲ್ಲಿ ಪರಿಣತರ ನೆರವು ಕೆಲವೇ ಊರುಗಳಲ್ಲಿ ಕೂಡಿಕೊಂಡಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯಕೀಯ ವಿಭಾಗವಿದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದ ಕೆಲಸ ಮಾಡುತ್ತಿದೆ. ಧಾರವಾಡದಲ್ಲಿ ಮಾನಸಿಕ ಆರೋಗ್ಯ ಸಂಸ್ಥೆಯಾದ ಡಿಮ್ಹಾನ್ಸ್ ಇದೆ. ಆದರೆ ದೊಡ್ಡ ಆಸ್ಪತ್ರೆಗೆ ವರ್ಷಕ್ಕೆ ಎರಡು ಮೂರು ಸಲ ಹೋಗಿಬಂದರೆ ಸಾಕಾಗುವ ಕುಟುಂಬಗಳು ಬಹಳ. ಅದಕ್ಕಾಗಿಯೇ ಮನೆ ಬದಲಿಸಿ ಅಲ್ಲಿಗೆ ಹೋಗಬೇಕಿಲ್ಲ. ಹತ್ತಿರದಲ್ಲಿ ಇರಲೇಬೇಕಾದವರು ನರರೋಗ ತಜ್ಞರು. ಆಟಿಸಂ ಇರುವ ಕೆಲವರಲ್ಲಿ ಫಿಟ್ಸ್ ಮೊದಲ ಬಾರಿಗೆ ಕಾಣಿಸಿಕೊಳ್ಳುವುದೇ ಹದಿಹರೆಯದಲ್ಲಿ. ಇನ್ನೊಂದು ಮುಖ್ಯ ಸಂಗತಿ ಭಾಷೆ. ಹತ್ತು ವರ್ಷದ ಪ್ರಯಾಸದಿಂದ ‘ನೀರು ಬೇಕು’ ಎಂದು ಹೇಳಲು ಕಲಿತ ಹುಡುಗನನ್ನು ಇಂಗ್ಲಿಷ್ ಅಥವಾ ಹಿಂದಿ ಮಾತ್ರ ನಡೆಯುವ ಕೇಂದ್ರಕ್ಕೆ ಸೇರಿಸಿದರೆ ಅವನ ಕೈಲಿದ್ದ ಎರಡು ಮಾತೂ ಅಲ್ಲಿ ಚಲಾವಣೆಯಾಗುವುದಿಲ್ಲ.

ಸಣ್ಣ ಊರನ್ನು ಬಿಡುವ ಮುನ್ನ ಅಲ್ಲಿ ಇರುವುದನ್ನೂ ಲೆಕ್ಕ ಹಾಕಬೇಕು. ದಿನಾ ಸಂಜೆ ಅಂಗಡಿ ಮುಂದೆ ನಿಂತು ಬಿಸ್ಕತ್ ಪೊಟ್ಟಣಗಳನ್ನು ಒಂದರ ಪಕ್ಕ ಒಂದು ಜೋಡಿಸುವ ಹುಡುಗ ಯಾರ ಮನೆಯವನು ಎಂದು ಅಂಗಡಿಯವರಿಗೆ ಗೊತ್ತು. ಬಸ್ ಸ್ಟ್ಯಾಂಡಿನ ಕಡೆ ಹೊರಟರೆ ಯಾರಾದರೂ ಕೈಹಿಡಿದು ಮನೆಗೆ ಕರೆತರುತ್ತಾರೆ. ನಗರದಲ್ಲಿ ಚಿಕಿತ್ಸೆ ದುಡ್ಡಿಗೆ ಸಿಗುತ್ತದೆ, ಈ ಪರಿಚಯ ಸಿಗುವುದಿಲ್ಲ. ಗಿಡ, ಹಸು, ತೋಟದ ಕೆಲಸದಲ್ಲಿ ಮನಸ್ಸು ನಿಲ್ಲುವ ಮಗುವಾದರೆ ಅಜ್ಜ ಅಜ್ಜಿಯ ಊರೇ ಬೆಂಗಳೂರಿಗಿಂತ ಮೇಲಾದೀತು.

ಊರು ಗೊತ್ತಾದ ಮೇಲೆ ಬೀದಿ. ಬಾಡಿಗೆ ಮನೆಯನ್ನು ಭಾನುವಾರ ಬೆಳಿಗ್ಗೆ ಮಾತ್ರ ನೋಡಿ ಒಪ್ಪಿಕೊಂಡರೆ ಮೋಸ ಹೋಗುವ ಸಂಭವ ಹೆಚ್ಚು. ವಾರದ ದಿನ ಹೋಗಿ ಅರ್ಧ ಗಂಟೆ ನಿಲ್ಲಬೇಕು: ಎದುರು ಸೈಟಿನಲ್ಲಿ ಗ್ರಾನೈಟ್ ಕೊಯ್ಯುತ್ತಿದ್ದಾರೆಯೇ, ಪಕ್ಕದಲ್ಲಿ ಕಲ್ಯಾಣ ಮಂಟಪವಿದೆಯೇ, ಗಣೇಶನ ಮೆರವಣಿಗೆ ಆ ದಾರಿಯಲ್ಲೇ ಬರುತ್ತದೆಯೇ. ಬೇರೆಯವರಿಗೆ ಕಿರಿಕಿರಿಯಷ್ಟೇ ಆಗುವ ಸದ್ದು ಆಟಿಸಂ ಇರುವ ಕೆಲವರಿಗೆ ತಡೆಯಲಾಗದ ನೋವು. ಮನೆಯಿಂದ ಕಣ್ತಪ್ಪಿಸಿ ಹೊರಟುಬಿಡುವ ಮಕ್ಕಳಲ್ಲಿ ನೀರಿನ ಸೆಳೆತ ಬಲವಾಗಿರುವವರು ಹಲವರು. ಕೆರೆ, ನಾಲೆ, ತೆರೆದ ಬಾವಿ ಹತ್ತಿರವಿದ್ದರೆ ಬಾಡಿಗೆ ಎಷ್ಟೇ ಕಡಿಮೆಯಾದರೂ ಆ ಮನೆ ಬೇಡ. ಹದಿನೈದರ ಹುಡುಗನ ಕೂಗಾಟವನ್ನು ಅಕ್ಕಪಕ್ಕದವರು ಐದರ ಮಗುವಿನ ಹಟದಂತೆ ಕಾಣುವುದಿಲ್ಲ. ಮನೆ ಮಾಲೀಕರಿಗೆ ವಿಷಯವನ್ನು ಮೊದಲೇ ತಿಳಿಸುವುದು ಒಳ್ಳೆಯದು.

ಓದಿನ ವಿಚಾರ ಅಷ್ಟು ಕಷ್ಟವಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳಲ್ಲಿ ಆಟಿಸಂ ಅನ್ನೂ ಸೇರಿಸಿದೆ, ಶೇ. 40 ಅಥವಾ ಹೆಚ್ಚಿನ ಅಂಗವೈಕಲ್ಯ ಇರುವವರಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಲ್ಲಿ ಹೆಸರು ನೋಂದಾಯಿಸಿದರೆ ಹತ್ತನೇ ತರಗತಿಯ ವಿಷಯಗಳನ್ನು ಒಂದೊಂದಾಗಿ, ಐದು ವರ್ಷದೊಳಗೆ ಮುಗಿಸಬಹುದು.

ಕಾಗದಪತ್ರಗಳಲ್ಲಿ ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ದೇಶದಾದ್ಯಂತ ನಡೆಯುತ್ತದೆ. ಮಾಸಾಶನ, ಬಸ್ ಪಾಸ್ ಹಾಗಲ್ಲ. ಅವು ಆಯಾ ರಾಜ್ಯದವು, ರಾಜ್ಯ ದಾಟಿದರೆ ಹೊಸದಾಗಿ ಅರ್ಜಿ ಹಾಕಬೇಕು. ಹದಿನೆಂಟು ತುಂಬಿದ ದಿನ ತಂದೆ ತಾಯಿ ಕಾನೂನಿನ ದೃಷ್ಟಿಯಲ್ಲಿ ಪೋಷಕರಾಗಿ ಉಳಿಯುವುದಿಲ್ಲ ಎಂಬುದು ಎಷ್ಟೋ ಮನೆಗಳಲ್ಲಿ ಗೊತ್ತೇ ಇರುವುದಿಲ್ಲ. ಪೋಷಕತ್ವದ ಅಗತ್ಯವಿದ್ದರೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಅರ್ಜಿ ಕೊಡಬೇಕು. ಮಗುವಿಗೆ ಹದಿನೇಳಾಗಿದ್ದರೆ ಯಾವ ಜಿಲ್ಲೆಯಲ್ಲಿ ನೆಲೆಸುವುದು ಎಂಬುದನ್ನು ಅರ್ಜಿಗೆ ಮೊದಲೇ ತೀರ್ಮಾನಿಸಿದರೆ ಅಲೆದಾಟ ತಪ್ಪುತ್ತದೆ. ನಿರಾಮಯ ಆರೋಗ್ಯ ವಿಮೆ ಒಂದು ಲಕ್ಷ ರೂಪಾಯಿವರೆಗೆ ಇರುವುದೂ ಇದೇ ಕಾಯ್ದೆಯ ನೆರಳಿನಲ್ಲಿ.

ಕೆಲವರಿಗೆ ಊರು ಬಿಡುವುದೇ ಬೇಕಿಲ್ಲ. ಅಂಗವಿಕಲ ಮಕ್ಕಳ ಆರೈಕೆಯ ಹೊಣೆ ಹೊತ್ತ ಕೇಂದ್ರ ಸರ್ಕಾರಿ ನೌಕರರಿಗೆ, ಆಡಳಿತಾತ್ಮಕ ಅಡಚಣೆ ಇಲ್ಲದಿದ್ದರೆ, ಸರದಿ ವರ್ಗಾವಣೆಯಿಂದ ವಿನಾಯಿತಿ ಕೊಡುವ ಆದೇಶ 2014ರಲ್ಲಿ ಹೊರಟಿತು. ಆಟಿಸಂ ಅದರಲ್ಲಿ ಸೇರಿದೆ. ವರ್ಗಾವಣೆ ಪತ್ರ ಕೈಗೆ ಬಂದ ತಕ್ಷಣ ಲಾರಿ ಹುಡುಕದೆ ಈ ವಿನಾಯಿತಿ ಕೇಳಬೇಕು.

ಹೋಗುವುದೇ ಖಚಿತವಾದರೆ, ಬೇಸಿಗೆ ರಜೆಯಲ್ಲಿ ಒಂದು ವಾರ ಆ ಊರಿನಲ್ಲಿ ಇದ್ದು ನೋಡುವುದು ಒಳ್ಳೆಯದು. ಮಗು ಮಾತಾಡದಿದ್ದರೂ ಅದರ ಒಪ್ಪಿಗೆ, ಬೇಸರ ಆ ಒಂದು ವಾರದ ಊಟ ನಿದ್ದೆಯಲ್ಲಿ ಕಾಣುತ್ತದೆ. ಹೊಸ ಮನೆಯ ಬಾಗಿಲು, ಬಚ್ಚಲು, ಮಲಗುವ ಕೋಣೆಯ ಫೋಟೋಗಳನ್ನು ಗೋಡೆಗೆ ಅಂಟಿಸಿ, ಹೊರಡುವ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ ದಿನಕ್ಕೊಂದು ಚೌಕಕ್ಕೆ ಗೆರೆ ಹೊಡೆಯುತ್ತ ಬರಬಹುದು. ಸಾಮಾನು ಇಳಿಸಿದ ದಿನ ಮೊದಲು ಸಜ್ಜಾಗಬೇಕಾದದ್ದು ಮಗುವಿನ ಕೋಣೆ: ಅದೇ ಹೊದಿಕೆ, ಅದನ್ನು ಒಗೆಯದೆ, ಹಳೆಯ ಮನೆಯ ವಾಸನೆಯ ಸಮೇತ, ಊಟಕ್ಕೆ ಅಂಚು ನಗ್ಗಿದ ಅದೇ ಸ್ಟೀಲ್ ತಟ್ಟೆ. ಮೊದಲ ಕೆಲವು ವಾರ ನಿದ್ದೆ ಕೆಡುವುದು, ಕಲಿತದ್ದು ಮರೆತಂತಾಗುವುದು ಉಂಟು. ಅದು ಮುಂದುವರಿದರೆ ತೋರಿಸಲು ಬೇಕಾಗುವ ವೈದ್ಯರ ಹೆಸರು, ಹಳೆಯ ವರದಿಗಳ ಪ್ರತಿ, ಮೊದಲ ಭೇಟಿಯ ದಿನಾಂಕ ಇವಿಷ್ಟೂ ಲಾರಿ ಗೊತ್ತುಮಾಡುವ ಮುನ್ನವೇ ಕೈಯಲ್ಲಿರಬೇಕು.