ವಿಷಯ ನಿರ್ವಹಣಾ ತಂತ್ರಾಂಶದ ಪ್ಲಗಿನ್‌ಗಳು ಮತ್ತು ಕನ್ನಡದ ಅಕ್ಷರ ವ್ಯವಸ್ಥೆ

ಜಾಲತಾಣಗಳಲ್ಲಿ ಬರಹಗಳನ್ನು ಸಂಗ್ರಹಿಸಿ, ವರ್ಗೀಕರಿಸಿ, ಪ್ರಕಟಿಸುವ ತಂತ್ರಾಂಶವನ್ನು ವಿಷಯ ನಿರ್ವಹಣಾ ವ್ಯವಸ್ಥೆ ಎನ್ನಲಾಗುತ್ತದೆ. 2003ರಲ್ಲಿ ಮ್ಯಾಟ್ ಮುಲೆನ್‌ವೆಗ್ ಮತ್ತು ಮೈಕ್ ಲಿಟಲ್ ಅವರು ಆರಂಭಿಸಿದ ವರ್ಡ್‌ಪ್ರೆಸ್ ಇಂತಹ ವ್ಯವಸ್ಥೆಗಳಲ್ಲೊಂದು. ಮೂಲ ತಂತ್ರಾಂಶವನ್ನು ತಿದ್ದದೆ ಅದಕ್ಕೆ ಹೊಸ ಸಾಮರ್ಥ್ಯವನ್ನು ಜೋಡಿಸುವ ಪ್ಲಗಿನ್ ವ್ಯವಸ್ಥೆ 2004ರ 1.2ನೆಯ ಆವೃತ್ತಿಯಲ್ಲಿ ಸೇರ್ಪಡೆಯಾಯಿತು. ಕನ್ನಡದ ಬಳಕೆಗೆ ಪ್ಲಗಿನ್‌ಗಳನ್ನು ರೂಪಿಸುವಾಗ ವ್ಯಾಕರಣದ ತಿಳಿವಳಿಕೆ ಏಕೆ ಅಗತ್ಯವಾಗುತ್ತದೆ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ವಿವೇಚಿಸಲಾಗಿದೆ.

1. ಪ್ಲಗಿನ್ನಿನ ಕಾರ್ಯವಿಧಾನ

ವರ್ಡ್‌ಪ್ರೆಸ್ ತನ್ನ ಕೆಲಸದ ನಡುವೆ ಅಲ್ಲಲ್ಲಿ 'ಹುಕ್' ಎಂಬ ಕೊಂಡಿಗಳನ್ನು ಬಿಟ್ಟಿರುತ್ತದೆ. ಇವುಗಳಲ್ಲಿ ಎರಡು ಬಗೆ. ಒಂದು ಘಟನೆ ನಡೆದಾಗ ಮತ್ತೊಂದು ಕೆಲಸವನ್ನು ಮಾಡಿಸುವುದು 'ಆಕ್ಷನ್'. ಹಾದುಹೋಗುವ ಮಾಹಿತಿಯನ್ನು ಪಡೆದು, ಮಾರ್ಪಡಿಸಿ ಹಿಂದಿರುಗಿಸುವುದು 'ಫಿಲ್ಟರ್'. ಒಂದೇ ಕೊಂಡಿಗೆ ಹಲವು ಕಾರ್ಯಗಳು ಜೋಡಣೆಯಾದಾಗ ಅವುಗಳ ಸರದಿಯನ್ನು ಆದ್ಯತಾ ಸಂಖ್ಯೆ ನಿರ್ಧರಿಸುತ್ತದೆ. ಬೇರೆ ಸೂಚನೆ ಇಲ್ಲದಿದ್ದರೆ ಈ ಸಂಖ್ಯೆ 10 ಆಗಿರುತ್ತದೆ. ಅದಕ್ಕಿಂತ ಚಿಕ್ಕ ಸಂಖ್ಯೆಯುಳ್ಳ ಕಾರ್ಯ ಮೊದಲು ನಡೆಯುತ್ತದೆ.

2. ಶೀರ್ಷಿಕೆಯ ಕಡಿತ

ಬರಹದ ಶೀರ್ಷಿಕೆಯಿಂದಲೇ ಅದರ ಜಾಲವಿಳಾಸ ರೂಪುಗೊಳ್ಳುತ್ತದೆ. ಈ ಭಾಗಕ್ಕೆ ವರ್ಡ್‌ಪ್ರೆಸ್‌ನಲ್ಲಿ 200 ಚಿಹ್ನೆಗಳ ಮಿತಿಯಿದೆ. ಇಂಗ್ಲಿಷಿಗೆ ಇದು ಧಾರಾಳ, ಕನ್ನಡಕ್ಕೆ ಹಾಗಲ್ಲ. 'ಕನ್ನಡ' ಎಂಬ ಪದದಲ್ಲಿ ಓದುಗರಿಗೆ ಕಾಣುವುದು ಮೂರು ಅಕ್ಷರ. ಯೂನಿಕೋಡ್‌ನಲ್ಲಿ ಕ, ನ, ವಿರಾಮ, ನ, ಡ ಎಂದು ಐದು ಸಂಕೇತಗಳಾಗುತ್ತವೆ. ವಿಳಾಸದಲ್ಲಿ ಪ್ರತಿ ಸಂಕೇತವೂ ಶೇಕಡಾ ಚಿಹ್ನೆಯುಳ್ಳ ರೂಪಕ್ಕೆ ಪರಿವರ್ತನೆಗೊಂಡು ಒಂಬತ್ತು ಚಿಹ್ನೆಗಳಷ್ಟು ಸ್ಥಳವನ್ನು ಬೇಡುತ್ತದೆ. ಹೀಗಾಗಿ 'ಕನ್ನಡ' ಎಂಬುದೊಂದಕ್ಕೇ 45 ಚಿಹ್ನೆಗಳು ಬೇಕು.

'ಹಳಗನ್ನಡ ವ್ಯಾಕರಣ ಪರಂಪರೆಯ ಅಧ್ಯಯನ' ಎಂಬ ಶೀರ್ಷಿಕೆಯನ್ನು ಉದಾಹರಣೆಯಾಗಿ ಪರಿಶೀಲಿಸಬಹುದು. ಮೊದಲ ಮೂರು ಪದಗಳಲ್ಲಿ ತಲಾ ಏಳರಂತೆ 21 ಸಂಕೇತಗಳಿವೆ. ಇವು 189 ಚಿಹ್ನೆಗಳಾಗಿ, ಮೂರು ತೆರಪುಗಳು ಸೇರಿ 192 ಆಗುತ್ತವೆ. 'ಅ' ಸೇರಿದರೆ ಮೊತ್ತ 201ಕ್ಕೆ ಏರುವುದರಿಂದ 'ಅಧ್ಯಯನ' ಎಂಬ ಪದವೇ ವಿಳಾಸದಿಂದ ಬಿಟ್ಟುಹೋಗುತ್ತದೆ. ಇಲ್ಲಿ ಪದದ ಅಂಚಿನಲ್ಲಿ ಕಡಿತವಾದುದು ಆಕಸ್ಮಿಕ. ಬೇರೆ ಶೀರ್ಷಿಕೆಗಳಲ್ಲಿ ಒತ್ತಕ್ಷರದ ನಡುವೆಯೇ ತುಂಡಾಗಬಹುದು.

3. ಪರಿಹಾರ ಮತ್ತು ವ್ಯಾಕರಣ

ವಿಳಾಸವನ್ನು ಸಿದ್ಧಪಡಿಸುವ ಮೂಲ ಕಾರ್ಯದ ಆದ್ಯತಾ ಸಂಖ್ಯೆ 10. ಆದ್ದರಿಂದ 9ನೆಯ ಆದ್ಯತೆಯಲ್ಲಿ ಫಿಲ್ಟರೊಂದನ್ನು ಜೋಡಿಸಿ, ಶೀರ್ಷಿಕೆಯನ್ನು ರೋಮನ್ ಲಿಪಿಗೆ ಲಿಪ್ಯಂತರಿಸಿದರೆ ಕಡಿತದ ಸಮಸ್ಯೆ ಬಹುಮಟ್ಟಿಗೆ ನಿವಾರಣೆಯಾಗುತ್ತದೆ. ಆದರೆ ಸಂಕೇತಕ್ಕೆ ಸಂಕೇತವನ್ನು ಬದಲಿಸುವ ಪಟ್ಟಿಯೊಂದೇ ಇದಕ್ಕೆ ಸಾಲದು. 'ಕ' ಎಂಬುದರಲ್ಲಿ ಅಕಾರ ಅಡಗಿದೆ. ವಿರಾಮ ಬಂದರೆ ಅದು ಲೋಪವಾಗಬೇಕು, ಸ್ವರಚಿಹ್ನೆ ಬಂದರೆ ಅದರ ಸ್ಥಾನದಲ್ಲಿ ಆ ಸ್ವರ ಬರಬೇಕು. ಅನುಸ್ವಾರವೂ ಪರವರ್ಣವನ್ನು ಅವಲಂಬಿಸಿದೆ: 'ಪರಂಪರೆ'ಯಲ್ಲಿ ಅದು ಮಕಾರ, 'ದಂತ'ದಲ್ಲಿ ನಕಾರ. ಗುಣಿತಾಕ್ಷರ ಮತ್ತು ವರ್ಗೀಯ ವ್ಯಂಜನಗಳ ನಿಯಮಗಳೇ ಇಲ್ಲಿ ತಂತ್ರಾಂಶದ ಆಜ್ಞೆಗಳಾಗುತ್ತವೆ.

ಈ ಫಿಲ್ಟರ್ ಶೀರ್ಷಿಕೆಯನ್ನು ಉಳಿಸುವ ಸಂದರ್ಭಕ್ಕೆ ಮಾತ್ರ ಸೀಮಿತವಾಗಿರಬೇಕು. ವಿಳಾಸವನ್ನು ಹುಡುಕುವಾಗಲೂ ಅದು ಲಿಪ್ಯಂತರಕ್ಕೆ ತೊಡಗಿದರೆ, ಹಿಂದೆ ಕನ್ನಡದಲ್ಲೇ ದಾಖಲಾದ ವಿಳಾಸಗಳು ದೊರೆಯದೆ ಹೋಗುವ ಅಪಾಯವಿದೆ.

4. ವಾಕ್ಯರಚನೆಯ ಪ್ರಶ್ನೆ

ಅನ್ಯರು ರೂಪಿಸಿದ ಪ್ಲಗಿನ್ನನ್ನು ಕನ್ನಡಕ್ಕೆ ಒಗ್ಗಿಸುವಾಗ ಮತ್ತೊಂದು ತೊಡಕು ಎದುರಾಗುತ್ತದೆ. ಪ್ರಕಟಣೆಯ ಸೂಚನೆಯಲ್ಲಿ ಇಂಗ್ಲಿಷಿನ ಕ್ರಿಯಾರೂಪ ಮೊದಲಿಗೆ, ಕನ್ನಡದ್ದು ಕೊನೆಗೆ ಬರುತ್ತದೆ. ವಾಕ್ಯವನ್ನು ತುಂಡುಗಳಾಗಿ ಬರೆದು ಜೋಡಿಸಿದ್ದರೆ ಅನುವಾದಕರಿಗೆ ಪದಕ್ರಮವನ್ನು ಬದಲಿಸುವ ಅವಕಾಶವೇ ಇರುವುದಿಲ್ಲ. ಆದಕಾರಣ ಇಡೀ ವಾಕ್ಯವನ್ನು ಒಂದೇ ಘಟಕವಾಗಿಟ್ಟು, ಹೆಸರು ಮತ್ತು ದಿನಾಂಕಗಳಿಗೆ ಕ್ರಮಸಂಖ್ಯೆಯುಳ್ಳ ಖಾಲಿ ಸ್ಥಾನಗಳನ್ನು ಬಿಡುವುದು ಸೂಕ್ತ. ಹೆಸರಿಗೆ ನೇರವಾಗಿ ವಿಭಕ್ತಿ ಪ್ರತ್ಯಯ ಹಚ್ಚಿದರೆ ಸಂಧಿಕಾರ್ಯ ತಪ್ಪುತ್ತದೆ. 'ಅವರಿಂದ' ಎಂದು ಬಿಡಿಯಾಗಿ ಸೇರಿಸಿದರೆ ಎಲ್ಲ ಹೆಸರುಗಳಿಗೂ ಹೊಂದುತ್ತದೆ.

ಇಂತಹ ಮಾರ್ಪಾಡುಗಳನ್ನು ಮೂಲ ಕಡತದಲ್ಲೇ ಮಾಡಿದರೆ ಮುಂದಿನ ನವೀಕರಣದಲ್ಲಿ ಅಳಿಸಿಹೋಗುತ್ತವೆ. ಪ್ರತ್ಯೇಕ ಪ್ಲಗಿನ್ನಿನಲ್ಲಿಟ್ಟರೆ ಉಳಿಯುತ್ತವೆ.

ಒಟ್ಟಿನಲ್ಲಿ, ಕನ್ನಡದ ಬರಹಗಳು ಜಾಲದಲ್ಲಿ ತಮ್ಮ ಪೂರ್ಣ ಹೆಸರಿನೊಡನೆ ಉಳಿಯಬೇಕಾದರೆ ತಂತ್ರಜ್ಞರ ಶ್ರಮವೊಂದೇ ಸಾಲದು. ವರ್ಣ, ಸಂಧಿ ಮತ್ತು ವಿಭಕ್ತಿಗಳನ್ನು ಬಲ್ಲ ಭಾಷಾಭ್ಯಾಸಿಗಳೂ ಈ ಕಾರ್ಯದಲ್ಲಿ ಪಾಲುಗೊಳ್ಳಬೇಕಾದುದು ಅವಶ್ಯಕ.